ಹೊಡೆಯದೆ ಶಿಸ್ತು ಬರುತ್ತದಾ?

ಪ್ರಶ್ನೆ: ನಾನು ಶಿಕ್ಷಕಿ. ತರಗತಿಯಲ್ಲಿ ಐವತ್ತು ಮಕ್ಕಳಿದ್ದಾರೆ. ಹೊಡೆಯಬಾರದು, ಬೈಯಬಾರದು ಅಂದರೆ ಅವರನ್ನು ಹತೋಟಿಯಲ್ಲಿ ಇಡುವುದು ಹೇಗೆ? ಒಂದೇಟು ಕೊಟ್ಟರೆ ತಕ್ಷಣ ಸುಮ್ಮನಾಗುತ್ತಾರೆ ಅಲ್ವಾ?

ಸುಮ್ಮನಾಗುತ್ತಾರೆ, ನಿಜ. ಅದಕ್ಕೇ ಏಟು ಕೆಲಸ ಮಾಡಿತು ಅನ್ನಿಸುತ್ತದೆ. ಆದರೆ ನೀವು ಬೋರ್ಡಿನ ಕಡೆ ತಿರುಗಿದ ಕೂಡಲೇ ಗಲಾಟೆ ಮತ್ತೆ ಶುರು. ಯಾಕಂದರೆ ಸಿಕ್ಕಿಬೀಳದ ಹಾಗೆ ಗಲಾಟೆ ಮಾಡುವುದನ್ನು ಏಟು ಚೆನ್ನಾಗಿ ಕಲಿಸಿರುತ್ತದೆ. 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಸುಮಾರು 1,60,000 ಮಕ್ಕಳನ್ನು ಒಳಗೊಂಡ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಅಪ್ಪ ಅಮ್ಮನಿಂದ ಏಟು ತಿನ್ನುವ ಮಕ್ಕಳಲ್ಲಿ ಜಗಳಗಂಟಿತನ, ಮನಸ್ಸಿನ ತೊಂದರೆ ಜಾಸ್ತಿ ಕಂಡವು. ನಡತೆ ಸುಧಾರಿಸಿದ್ದು ಕಾಣಲಿಲ್ಲ.

ಇದು ಈಗಿನ ಕಾಲದವರ ಹೊಸ ಮಾತು ಅಂದುಕೊಳ್ಳಬೇಡಿ. ಪೋಲೆಂಡ್ ಶಾಲೆಗಳಲ್ಲಿ ಹೊಡೆಯುವುದನ್ನು 1783ರಲ್ಲೇ ನಿಲ್ಲಿಸಿತ್ತು. ಸ್ವೀಡನ್ 1979ರಲ್ಲಿ ಮನೆಯಲ್ಲೂ ಹೊಡೆಯಬಾರದು ಎಂದಿತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 28ನೇ ವಿಧಿ, ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರಬಾರದು ಎನ್ನುತ್ತದೆ. ಅಂದಮೇಲೆ ಬೆಂಚಿನ ಮೇಲೆ ನಿಲ್ಲಿಸುವುದು, 'ದಡ್ಡ' ಎಂದು ಎಲ್ಲರೆದುರು ಕರೆಯುವುದು, ಇವೂ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಮಾಡುವುದೇನು? ಮೊದಲು ನಿಯಮ ಕಡಿಮೆ ಮಾಡಿ. ನಾಲ್ಕೈದು ಸಾಕು, ಅವನ್ನೂ ಮಕ್ಕಳ ಜೊತೆ ಕೂತು ಬರೆಯಿರಿ. 'ಓಡಬೇಡಿ' ಅನ್ನುವ ಬದಲು 'ನಡೆದು ಹೋಗಿ' ಅನ್ನಿ, ಆಗ ಏನು ಮಾಡಬೇಕು ಅನ್ನುವುದು ಮಗುವಿಗೆ ಗೊತ್ತಾಗುತ್ತದೆ. ತಪ್ಪಿಗೂ ಅದರ ಪರಿಣಾಮಕ್ಕೂ ನಂಟಿರಲಿ: ಗೋಡೆಗೆ ಗೀಚಿದವನು ಗೋಡೆ ಒರೆಸಲಿ, ಅದಕ್ಕೆ ಬಸ್ಕಿ ಹೊಡೆಸಿ ಏನು ಪ್ರಯೋಜನ? ಹೋಂವರ್ಕ್ ಮಾಡದವಳನ್ನು ಪಕ್ಕಕ್ಕೆ ಕರೆದು ಯಾಕೆ ಆಗಲಿಲ್ಲ ಎಂದು ಕೇಳಿ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರಬಹುದು, ಪಾಠವೇ ಅರ್ಥವಾಗದೆ ಇರಬಹುದು, ಸುಮ್ನೆ ಸೋಮಾರಿತನವೂ ಇರಬಹುದು. ಮೂರಕ್ಕೂ ಒಂದೇ ಮದ್ದು ಆಗುವುದಿಲ್ಲ. ಒಬ್ಬರ ತಪ್ಪಿಗೆ ಇಡೀ ತರಗತಿಯನ್ನು ಶಿಕ್ಷಿಸುವುದಂತೂ ಬೇಡವೇ ಬೇಡ, ತಪ್ಪು ಮಾಡದ ಮಗುವಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ ಎಂದೇ ನನ್ನ ಅನಿಸಿಕೆ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಮೊದಲ ಕೆಲವು ವಾರ ಗದ್ದಲ ಜಾಸ್ತಿಯೇ ಆಗಬಹುದು.

ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ ಇನ್ನೊಂದಿದೆ. ಯಾರೋ ದೊಡ್ಡವರು ಮಗುವಿನ ಮೈ ಮುಟ್ಟಿ ಹಿಂಸೆ ಕೊಡುತ್ತಿದ್ದಾರೆ ಅಂದುಕೊಳ್ಳಿ. ಅದನ್ನು ಹೇಳಲು ಆ ಮಗುವಿಗೆ ಒಬ್ಬರು ಬೇಕು. ಪೆನ್ಸಿಲ್ ಕಳೆದಿದ್ದಕ್ಕೇ ಕಿವಿ ಹಿಂಡುವ ಟೀಚರ್ ಹತ್ತಿರ ಅದು ಹೇಳುತ್ತದಾ? 'ನಂದೇ ತಪ್ಪು ಅಂತಾರೆ' ಎಂದು ಹೆದರಿ ಬಾಯಿ ಮುಚ್ಚಿಕೊಳ್ಳುತ್ತದೆ. ಹೇಳಿತು ಅಂದರೆ ಸಮಾಧಾನದಿಂದ ಪೂರ್ತಿ ಕೇಳಿ. 'ಅವರೇ ಮಾಡಿದ್ದಾ?' ಎಂದು ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಎನ್ನಿ. ಮಗುವಿನದೇ ಮಾತಿನಲ್ಲಿ ಬರೆದಿಟ್ಟು, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅವತ್ತೇ ತಿಳಿಸಿ. ಆರೋಪ ಇರುವವರನ್ನು ನೀವೇ ಹೋಗಿ ಕೇಳಬೇಡಿ, ಅದರಿಂದ ಮಗುವಿಗೆ ಅಪಾಯ ಹೆಚ್ಚಬಹುದು.

ಇಷ್ಟೆಲ್ಲ ಗೊತ್ತಿದ್ದೂ ಒಂದು ದಿನ ಸಿಟ್ಟಿನಲ್ಲಿ ಕೈ ಎತ್ತಿಬಿಟ್ಟರೆ? ಮುಚ್ಚಿಡಬೇಡಿ. ಮುಖ್ಯ ಶಿಕ್ಷಕರಿಗೆ ನೀವೇ ಹೇಳಿ. ಆಮೇಲೆ ಆ ಮಗುವಿನ ಹತ್ತಿರ, ಎಲ್ಲರೆದುರು ನಡೆದಿದ್ದರೆ ಎಲ್ಲರೆದುರೇ, 'ನಾನು ಹೊಡೆದದ್ದು ತಪ್ಪು' ಎಂದು ಕ್ಷಮೆ ಕೇಳಿ. 'ಆದರೆ ನೀನೂ...' ಎಂದು ಮುಂದುವರಿಸಬೇಡಿ.