ಕುಲುಕಬೇಕಾದ ಔಷಧಿ, ಕುಲುಕಬೇಕಿಲ್ಲದ ಔಷಧಿ

ಮಗುವಿನ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬಾಟಲಿಯ ಮೇಲೆ ‘ಸಸ್ಪೆನ್ಷನ್’ ಎಂದು ಬರೆದಿದ್ದರೆ, ಕುಲುಕದೆ ಒಂದು ಹನಿಯನ್ನೂ ಅಳೆಯಬೇಡಿ. ಔಷಧಿ ಅಂಗಡಿಯಲ್ಲಿ ನಾನು ತಂದೆತಾಯಿಯರಿಗೆ ಬಿಡದೆ ಹೇಳುವ ಮಾತಿದು.

ಕಾರಣ ಸರಳ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಮಿಲಿಲೀಟರ್ ನೀರು ಸುಮಾರು 14 ಮಿಲಿಗ್ರಾಂ ಪ್ಯಾರಾಸಿಟಮಾಲನ್ನು ಮಾತ್ರ ಕರಗಿಸಿಕೊಳ್ಳುತ್ತದೆ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರಬೇಕಾದರೆ ಪ್ರತಿ ಮಿಲಿಲೀಟರಿಗೆ 50 ಮಿಲಿಗ್ರಾಂ ಬೇಕು. ಆದ್ದರಿಂದ ಹೆಚ್ಚಿನ ಪಾಲು ಕರಗದೆ ನುಣ್ಣನೆಯ ಕಣಗಳಾಗಿ ದ್ರವದಲ್ಲಿ ತೇಲುತ್ತಿರುತ್ತದೆ. ಇದೇ ನಿಲಂಬನ, ಅಂದರೆ ಸಸ್ಪೆನ್ಷನ್. ಕಣದ ವ್ಯಾಸ ಎರಡು ಪಟ್ಟಾದರೆ ಅದು ಕೆಳಗಿಳಿಯುವ ವೇಗ ನಾಲ್ಕು ಪಟ್ಟಾಗುತ್ತದೆ. ಹಾಗಾಗಿಯೇ ತಯಾರಕರು ಪುಡಿಯನ್ನು ಬಹಳ ನುಣ್ಣಗೆ ಅರೆದು, ಅಂಟು ಪದಾರ್ಥ ಬೆರೆಸಿ ದ್ರವವನ್ನು ಮಂದಗೊಳಿಸುತ್ತಾರೆ. ಅದರಿಂದ ಇಳಿಯುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಸಿಗುವುದು ತೆಳು ದ್ರವ. ಜ್ವರ ಇಳಿಯದೆ ಮನೆಯವರು ಮತ್ತೊಮ್ಮೆ ಕೊಡುತ್ತಾರೆ. ತಳದಲ್ಲಿ ಉಳಿದ ಗಟ್ಟಿ ಔಷಧಿ ಅಳತೆ ಮೀರಿದರೆ ಯಕೃತ್ತಿಗೆ ಅಪಾಯ.

ವಾಂತಿ-ಭೇದಿಯಾದಾಗ ನೀರಿನಲ್ಲಿ ಕರಗಿಸಿ ಕೊಡುವ ಓಆರ್‌ಎಸ್ ಹಾಗಲ್ಲ. ಅದು ನಿಜವಾದ ದ್ರಾವಣ. ಉಪ್ಪಿನ ಅಯಾನುಗಳು, ಗ್ಲೂಕೋಸ್ ಅಣುಗಳು ಒಂದು ನ್ಯಾನೊಮೀಟರಿಗಿಂತ ಚಿಕ್ಕವು. ಎಷ್ಟು ಹೊತ್ತು ಇಟ್ಟರೂ ತಳ ಸೇರುವುದಿಲ್ಲ. ಒಮ್ಮೆ ಪೂರ್ತಿ ಕರಗಿದರೆ ಮೊದಲ ಲೋಟವೂ ಕೊನೆಯ ಲೋಟವೂ ಒಂದೇ.

ಇವೆರಡರ ನಡುವೆ ಇರುವುದು ಕಲಿಲ, ಅಂದರೆ ಕೊಲಾಯ್ಡ್. ಇದರ ಕಣಗಳು 1ರಿಂದ 1000 ನ್ಯಾನೊಮೀಟರ್ ಗಾತ್ರದವು. ನೀರಿನ ಅಣುಗಳು ಎಡೆಬಿಡದೆ ತಳ್ಳುತ್ತಿರುವುದರಿಂದ ಅವು ಸುಲಭವಾಗಿ ತಳ ಸೇರುವುದಿಲ್ಲ, ಸೋಸುಕಾಗದದಲ್ಲೂ ನಿಲ್ಲುವುದಿಲ್ಲ. ಆದರೆ ಬೆಳಕನ್ನು ಚದುರಿಸುತ್ತವೆ. ಕತ್ತಲೆ ಕೋಣೆಯಲ್ಲಿ ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಲು ಬೆರೆಸಿ ಮೊಬೈಲ್ ಟಾರ್ಚ್ ಹಾಯಿಸಿದರೆ ಬೆಳಕಿನ ದಾರಿ ಕಾಣುತ್ತದೆ. ಇದೇ ಟಿಂಡಾಲ್ ಪರಿಣಾಮ. ರಕ್ತಹೀನತೆಯಿರುವ ಗರ್ಭಿಣಿಯರಿಗೆ ಕೊಡುವ ಕಂದು ಬಣ್ಣದ ಐರನ್ ಸುಕ್ರೋಸ್ ಚುಚ್ಚುಮದ್ದು ಕೂಡ ಕಲಿಲವೇ. ಅದನ್ನು ಸಿಕ್ಕ ದ್ರವದಲ್ಲೆಲ್ಲ ಬೆರೆಸುವಂತಿಲ್ಲ; ಲವಣದ್ರಾವಣದಲ್ಲಿ, ಅಂದರೆ 0.9 ಶೇಕಡಾ ನಾರ್ಮಲ್ ಸಲೈನ್‌ನಲ್ಲಿ ಮಾತ್ರ ತೆಳುಗೊಳಿಸಿ ಹನಿಹನಿಯಾಗಿ ಕೊಡುತ್ತಾರೆ.

ಈ ತಿಳಿವಳಿಕೆ ಹೆಚ್ಚು ಬೇಕಾಗುವುದು ಇನ್ಸುಲಿನ್ ಬಳಸುವವರಿಗೆ. ರೆಗ್ಯುಲರ್ ಇನ್ಸುಲಿನ್ ತಿಳಿಯಾದ ದ್ರಾವಣ. ಅದು ಮಸುಕಾಗಿ ಕಂಡರೆ ಬಳಸಬಾರದು. ನಿಧಾನವಾಗಿ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ ಮತ್ತು ಇವೆರಡೂ ಸೇರಿದ 30/70 ಮಿಶ್ರಣ ಹಾಲಿನ ಬಣ್ಣದ ನಿಲಂಬನಗಳು; ಇವನ್ನು ಬೆರೆಸದೆ ಚುಚ್ಚಿಕೊಂಡರೆ ಸಕ್ಕರೆ ಒಂದು ದಿನ ಏರಿ, ಇನ್ನೊಂದು ದಿನ ಕುಸಿಯಬಹುದು. ಆದರೆ ಸಿರಪ್ ಬಾಟಲಿಯಂತೆ ಜೋರಾಗಿ ಕುಲುಕಬೇಡಿ, ನೊರೆ ಬಂದು ಅಳತೆ ತಪ್ಪುತ್ತದೆ. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ತಲೆಕೆಳಗು ಮಾಡಿ, ಬಣ್ಣ ಒಂದೇ ಸಮ ಆಗುವವರೆಗೆ ಬೆರೆಸಿ. ಆಮೇಲೂ ಗಂಟುಗಳು ಉಳಿದಿದ್ದರೆ, ಗಾಜಿನ ಒಳಗೋಡೆಗೆ ಬಿಳಿ ಕಣಗಳು ಅಂಟಿದ್ದರೆ ಆ ಸೀಸೆಯನ್ನು ಬಳಸದೆ ಹೊಸದನ್ನು ತನ್ನಿ.