ಅಬೌಟ್ ಅ ಬಾಯ್: ವಿಲ್ ಗಿಟಾರ್ ಹಿಡಿದು ವೇದಿಕೆ ಹತ್ತಿದ್ದು ಯಾಕೆ?

ಚಿತ್ರಕಥೆ ಕಲಿಯುತ್ತಿರುವವರು 2002ರ ಈ ಸಿನಿಮಾವನ್ನು ಒಂದು ಸಲವಾದರೂ ಹಾಡುಗಳ ಮೇಲೆ ಕಣ್ಣಿಟ್ಟು ನೋಡಿ. ಹಿನ್ನೆಲೆಯ ಹಾಡಲ್ಲ, ಪಾತ್ರಗಳೇ ಹಾಡುವ, ಕೇಳಿಸಿಕೊಳ್ಳುವ ಹಾಡು.

ಕಥೆ ಲಂಡನ್ನಿನದು. ವಿಲ್‌ಗೆ 38 ವರ್ಷ. ಮದುವೆಯಿಲ್ಲ, ಕೆಲಸವಿಲ್ಲ. ಅಪ್ಪ ಬರೆದ ಒಂದೇ ಒಂದು ಕ್ರಿಸ್‌ಮಸ್ ಹಾಡಿನ ರಾಯಲ್ಟಿ ಅವನನ್ನು ಸಾಕುತ್ತಿದೆ. ಆ ಹಾಡು ಕೇಳಿದರೆ ಅವನಿಗೆ ಮೈಯೆಲ್ಲ ಉರಿ. ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡಿಕೊಂಡಿದ್ದಾನೆ: ಸ್ನಾನಕ್ಕೆ ಒಂದು ತುಂಡು, ಕೂದಲು ಕೆದರಿಸಿಕೊಳ್ಳೋಕೆ ನಾಲ್ಕು! ಒಂಟಿ ತಾಯಂದಿರ ಪರಿಚಯಕ್ಕಾಗಿ ಇಲ್ಲದ ಮಗನನ್ನೂ ಹುಟ್ಟಿಸಿಕೊಳ್ಳುತ್ತಾನೆ. ನಟ ಹ್ಯೂ ಗ್ರಾಂಟ್ ಬಿಟ್ಟರೆ ಬೇರೆ ಯಾರು ಈ ಪಾತ್ರ ಮಾಡಿದ್ದರೂ ಇವನ ಮೇಲೆ ಸಿಟ್ಟು ಬರುತ್ತಿತ್ತು.

ಈ ಸುಳ್ಳಿನ ದಾರಿಯಲ್ಲೇ ವಿಲ್‌ಗೆ ಮಾರ್ಕಸ್‌ನ ಪರಿಚಯವಾಗುತ್ತದೆ. ಮಾರ್ಕಸ್ 12ರ ಹುಡುಗ. ಕ್ಲಾಸಿನಲ್ಲಿ ತನಗೇ ಗೊತ್ತಿಲ್ಲದೆ ಹಾಡಿಬಿಡುತ್ತಾನೆ, ಮಕ್ಕಳು ಗೇಲಿ ಮಾಡುತ್ತಾರೆ. ಅಮ್ಮ ಫಿಯೋನಾ ಖಿನ್ನತೆಯಲ್ಲಿದ್ದಾಳೆ.

ಬಾತುಕೋಳಿಯ ದೃಶ್ಯವನ್ನು ನಿಧಾನವಾಗಿ ನೋಡಿ. ಪಾರ್ಕಿನಲ್ಲಿ ಮಾರ್ಕಸ್ ಅಮ್ಮ ಮಾಡಿದ ಗಟ್ಟಿ ಬ್ರೆಡ್ಡನ್ನು ಇಡಿಯಾಗಿ ಎಸೆಯುತ್ತಾನೆ, ಬಾತುಕೋಳಿ ಸತ್ತೇ ಹೋಗುತ್ತದೆ. ನಾವು ನಗುತ್ತೇವೆ. ಅದೇ ದಿನ ಮನೆಗೆ ಬಂದರೆ, ಅಮ್ಮ ಮಾತ್ರೆ ನುಂಗಿ ಬಿದ್ದಿರುತ್ತಾಳೆ. ನಗು ಇನ್ನೂ ಬಾಯಲ್ಲೇ ಇರುತ್ತದೆ. ಕಾಮಿಡಿ, ಡ್ರಾಮಾ ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕದೆ ಬರೆಯೋದು ಅಂದರೆ ಇದೇ ಅಲ್ವಾ?

ಅಮ್ಮನನ್ನು ಖುಷಿಪಡಿಸಲು ಮಾರ್ಕಸ್ ಶಾಲೆಯ ಕಾರ್ಯಕ್ರಮದಲ್ಲಿ ‘ಕಿಲ್ಲಿಂಗ್ ಮಿ ಸಾಫ್ಟ್‌ಲಿ’ ಹಾಡಲು ನಿಲ್ಲುತ್ತಾನೆ. ಸಭೆಯಲ್ಲಿ ಗೇಲಿ ಶುರು. ಆಗ ವಿಲ್ ಗಿಟಾರ್ ಬಾರಿಸುತ್ತಾ ವೇದಿಕೆಗೆ ಬರುತ್ತಾನೆ. ಹುಡುಗನ ಹಾಡು ಮುಗಿದ ಮೇಲೂ ಇವನು ನಿಲ್ಲಿಸುವುದಿಲ್ಲ. ಎಲ್ಲರ ನಗು ಈಗ ಇವನ ಕಡೆ ತಿರುಗುತ್ತದೆ, ಹುಡುಗ ಪಾರಾಗುತ್ತಾನೆ. ಅಪ್ಪನ ಹಾಡಿನಿಂದ ಜೀವನಪೂರ್ತಿ ನಾಚಿಕೊಂಡವನು ಇನ್ನೊಬ್ಬರ ಮಗನಿಗಾಗಿ ಹಾಡಿ ಮರ್ಯಾದೆ ಕಳೆದುಕೊಳ್ಳುತ್ತಾನೆ. ನನಗಂತೂ ಇಲ್ಲಿ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಸಿನಿಮಾಕ್ಕೆ ಮೂಲವಾದ ನಿಕ್ ಹಾರ್ನ್‌ಬಿ ಅವರ 1998ರ ಕಾದಂಬರಿಯಲ್ಲಿ ಈ ಕೊನೆ ಇಲ್ಲ. ಅಲ್ಲಿ ಕಥೆ 1994ರಲ್ಲಿ ಗಾಯಕ ಕರ್ಟ್ ಕೊಬೇನ್ ತೀರಿಕೊಂಡ ಸುದ್ದಿಗೆ ಅಂಟಿಕೊಂಡಿದೆ. ಸಿನಿಮಾ ಆ ಕಾಲವನ್ನು ಬಿಟ್ಟಿತು, ಜೊತೆಗೆ ಆ ಕೊನೆಯನ್ನೂ. ಸುಮ್ನೆ ಕತ್ತರಿಸಲಿಲ್ಲ, ಮೊದಲಿಂದ ಇದ್ದ ಹಾಡಿನ ಎಳೆಯನ್ನೇ ಹಿಡಿದು ಹೊಸ ಕೊನೆ ಹೆಣೆದರು. ಈ ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು.

ಮುಂದಿನ ಸಲ ನೋಡುವಾಗ ಒಂದು ಕೆಲಸ ಮಾಡಿ. ಅಪ್ಪನ ಹಾಡು ಕಿವಿಗೆ ಬಿದ್ದಾಗೆಲ್ಲ ವಿಲ್‌ನ ಮುಖ ಹೇಗಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ವೇದಿಕೆಯ ಮೇಲಿನ ಮುಖವನ್ನು ಅದರ ಪಕ್ಕಕ್ಕಿಟ್ಟು ನೋಡಿ.