ವೆಂಟಿಲೇಟರ್‌ನಲ್ಲಿದ್ದವರಿಗೆ ನ್ಯುಮೋನಿಯಾ ಬಂದಿದೆಯೋ ಇಲ್ಲವೋ

ಐಸಿಯು ಬಾಗಿಲಾಚೆ ಕಾಯುತ್ತಾ ಕೂತವರಿಗೆ ಐದನೇ ದಿನವೋ ಆರನೇ ದಿನವೋ ಈ ಮಾತು ಕೇಳಿಬರುತ್ತದೆ: 'ಲಂಗ್ಸ್‌ನಲ್ಲಿ ಇನ್‌ಫೆಕ್ಷನ್ ಆಗಿರೋ ಹಾಗಿದೆ, ಆಂಟಿಬಯಾಟಿಕ್ ಬದಲಾಯಿಸ್ತೀವಿ.' ಇಷ್ಟೆಲ್ಲ ಮಷೀನು ಇಟ್ಟುಕೊಂಡು 'ಹಾಗಿದೆ' ಅಂದರೆ ಸಿಟ್ಟು ಬರುತ್ತದೆ, ಅಲ್ವಾ? ಆದರೆ ಆ ಡಾಕ್ಟರು ಜಾರಿಕೊಳ್ಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದಾರೆ.

ಮನೆಯಲ್ಲಿರುವವರಿಗೆ ನ್ಯುಮೋನಿಯಾ ಆದರೆ ಕೆಮ್ಮು, ಜ್ವರ, ಎದೆನೋವು ಎಂದು ಅವರೇ ಹೇಳುತ್ತಾರೆ. ಇಲ್ಲಿ ಗಂಟಲಲ್ಲಿ ಟ್ಯೂಬ್ ಇದೆ, ಮಂಪರಿನ ಔಷಧಿ ಇದೆ. ಮಾತಿಲ್ಲ, ಸರಿಯಾಗಿ ಕೆಮ್ಮಲೂ ಆಗದು. ಬಾಯಿಯ ಜೊಲ್ಲು ಟ್ಯೂಬ್ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಒಳಗಿಳಿಯುತ್ತದೆ, ರೋಗಾಣುಗಳೂ ಜೊತೆಗೆ ಹೋಗುತ್ತವೆ. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾವನ್ನು ವಿಎಪಿ (ವೆಂಟಿಲೇಟರ್ ಅಸೋಸಿಯೇಟೆಡ್ ನ್ಯುಮೋನಿಯಾ) ಎನ್ನುತ್ತಾರೆ.

ಜ್ವರಕ್ಕೆ ಐಸಿಯುನಲ್ಲಿ ನೂರು ಕಾರಣ. ಮಲಗಿಸಿಯೇ ತೆಗೆದ ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಮಚ್ಚೆ ಕೀವೇ ಆಗಬೇಕೆಂದಿಲ್ಲ. ನೀರು ತುಂಬಿರಬಹುದು, ಶ್ವಾಸಕೋಶದ ಒಂದು ಭಾಗ ಮುದುಡಿರಬಹುದು, ರಕ್ತವೂ ಇರಬಹುದು. 1999ರಲ್ಲಿ ಬಾರ್ಸಿಲೋನಾದ ವೈದ್ಯರು ವೆಂಟಿಲೇಟರ್‌ನಲ್ಲಿದ್ದು ತೀರಿಕೊಂಡ 25 ಜನರ ಶ್ವಾಸಕೋಶ ಪರೀಕ್ಷಿಸಿದರು. ಎಕ್ಸ್‌ರೇ ಮಚ್ಚೆ, ಅದರ ಜೊತೆ ಜ್ವರ, ಬಿಳಿರಕ್ತಕಣದ ಏರುಪೇರು, ಕೀವಿನಂಥ ಕಫ ಈ ಮೂರರಲ್ಲಿ ಎರಡು ಇದ್ದರೆ ನ್ಯುಮೋನಿಯಾ ಎಂದು ಲೆಕ್ಕ ಹಿಡಿದರೆ, ನಿಜವಾಗಿ ಕಾಯಿಲೆ ಇದ್ದವರಲ್ಲಿ ಶೇ 69 ಮಂದಿ ಮಾತ್ರ ಸಿಕ್ಕರು, ಕಾಯಿಲೆ ಇಲ್ಲದ ಶೇ 25 ಮಂದಿಗೂ ಇದೆ ಎಂದಾಯಿತು.

ಹಾಗಾದರೆ ಕಫದ ಕಲ್ಚರ್ ಮಾಡಿದರೆ, ಅಂದರೆ ಅದರಲ್ಲಿರುವ ರೋಗಾಣುಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡಿದರೆ ಮುಗೀತಲ್ಲ? ಇಲ್ಲ. ಟ್ಯೂಬ್ ಹಾಕಿದ ಕೆಲವೇ ದಿನಗಳಲ್ಲಿ ಅದರ ಒಳಗೋಡೆಗೆ ರೋಗಾಣುಗಳ ಪದರ ಕಟ್ಟುತ್ತದೆ. ಏನೂ ತೊಂದರೆ ಕೊಡದೆ ಸುಮ್ನೆ ಕೂತ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಕೂಡ ಕಲ್ಚರ್‌ನಲ್ಲಿ ಬೆಳೆಯುತ್ತವೆ. ಅದಕ್ಕೇ ಎಷ್ಟು ಬೆಳೆದವು ಎಂದು ಎಣಿಸುವುದು. ಬ್ರಾಂಕೋಸ್ಕೋಪ್ (ಕ್ಯಾಮೆರಾ ಇರುವ ತೆಳು ನಳಿಕೆ) ಇಳಿಸಿ ಶ್ವಾಸಕೋಶದ ಆಳ ತೊಳೆದು ತೆಗೆದ ನೀರಾದರೆ ರೋಗಾಣುಗಳ ಎಣಿಕೆ ಮಿಲಿಲೀಟರ್‌ಗೆ 10 ಸಾವಿರ ದಾಟಿದರೆ ಅನುಮಾನ ಗಟ್ಟಿ. ಟ್ಯೂಬ್‌ನಿಂದ ಎಳೆದ ಕಫಕ್ಕೆ ಆ ಗೆರೆ ಲಕ್ಷಗಳಲ್ಲಿದೆ. ಆಳದಿಂದ ತೆಗೆದರೆ ಜಾಸ್ತಿ ಜನ ಬದುಕುತ್ತಾರಾ? ಕೆನಡಾದ ವೈದ್ಯರ ತಂಡ ಈ ಎರಡೂ ವಿಧಾನಗಳನ್ನು 740 ರೋಗಿಗಳಲ್ಲಿ ಹೋಲಿಸಿ 2006ರಲ್ಲಿ ಪ್ರಕಟಿಸಿತು. 28 ದಿನಗಳಲ್ಲಿ ಸತ್ತವರು ಆಳದಿಂದ ತೆಗೆದ ಕಡೆ ಶೇ 18.9, ಟ್ಯೂಬ್‌ನಿಂದ ಎಳೆದ ಕಡೆ ಶೇ 18.4. ವ್ಯತ್ಯಾಸವೇ ಇಲ್ಲ!

ನನಗೆ ಇದರಲ್ಲಿ ಮುಖ್ಯ ಎನಿಸುವುದು ಸ್ಯಾಂಪಲ್ ಯಾವಾಗ ತೆಗೆದರು ಎನ್ನುವುದು. ಹೊಸ ಆಂಟಿಬಯಾಟಿಕ್ ಒಳಗೆ ಹೋದ ಮೇಲೆ ತೆಗೆದರೆ ರೋಗಾಣು ಇದ್ದರೂ ಬೆಳೆಯದೇ ಇರಬಹುದು. ಮೊದಲು ಸ್ಯಾಂಪಲ್, ಆಮೇಲೆ ಔಷಧಿ. ರೋಗಿ ತೀರಾ ಕುಸಿಯುತ್ತಿದ್ದರೆ ರಿಪೋರ್ಟಿಗೆ ಕಾಯುವ ಹಾಗಿಲ್ಲ, ಔಷಧಿ ಶುರು ಮಾಡಲೇಬೇಕು. ಆದರೆ ಎರಡು ಮೂರು ದಿನಕ್ಕೆ ರಿಪೋರ್ಟ್ ಬರುತ್ತದೆ. ಏನೂ ಬೆಳೆದಿಲ್ಲ, ರೋಗಿಯೂ ಸುಧಾರಿಸಿದ್ದಾರೆ ಎಂದರೆ ಆ ಔಷಧಿ ಮುಂದುವರಿಸಲು ಕಾರಣ ಉಳಿದಿಲ್ಲ. ನಿಮ್ಮವರು ಒಳಗಿದ್ದರೆ ಮೂರನೇ ದಿನ ಸಂಕೋಚವಿಲ್ಲದೆ ಕೇಳಿ: 'ಕಲ್ಚರ್ ರಿಪೋರ್ಟ್ ಏನು ಬಂತು ಡಾಕ್ಟ್ರೇ, ಆ ಇಂಜೆಕ್ಷನ್ ಇನ್ನೂ ಬೇಕಾ?'